ಅಂಟಿಲ್ ಗೊತ್ತಿಲ್ಲದ ಹುಡುಗ: ಇಂಗ್ಲಿಷ್ ಪದಗಳನ್ನು ಅಳೆದು ಕಲಿಸುವ ಬಗೆ

ಏಳನೇ ಕ್ಲಾಸಿನ ಆ ಹುಡುಗ ಇಂಗ್ಲಿಷ್ ಪಾಠವನ್ನು ಎಲ್ಲೂ ತಡವರಿಸದೆ ಓದಿದ. ಎಲಿಫೆಂಟ್, ಆಂಬುಲೆನ್ಸ್, ರೆಫ್ರಿಜರೇಟರ್, ಯಾವುದನ್ನು ಕೇಳಿದರೂ ಅರ್ಥ ಹೇಳಿದ. ಪಾಠದ ನಡುವೆ ಒಂದು ಸಣ್ಣ ಪದ ಇತ್ತು, ಅಂಟಿಲ್, ಅಂದರೆ 'ವರೆಗೆ'. ಅದರ ಅರ್ಥ ಕೇಳಿದೆ. ಪುಸ್ತಕ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಮೆಲ್ಲಗೆ "ಅಂಟು ಇರುವಂಥದ್ದಾ ಟೀಚರೇ?" ಎಂದ.

ಅವನು ತಮಾಷೆ ಮಾಡಿದ್ದಲ್ಲ. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದದ ಪಕ್ಕ ಇಟ್ಟು ನೋಡಿದ. ಕಲಿಯುವವರು ಮಾಡಬೇಕಾದದ್ದೇ ಅದು. ಆದರೆ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಇಂಗ್ಲಿಷ್ ಓದಿದ ಮಗುವಿಗೆ ಅಂಟಿಲ್ ಗೊತ್ತಿಲ್ಲ ಎಂಬುದು ಅವನ ಟೀಚರಾದ ನನಗೇ ಗೊತ್ತಿರಲಿಲ್ಲ. ಅಲ್ಲಿವರೆಗೆ ನಾನು ಕಲಿಸುತ್ತಾ ಹೋಗಿದ್ದೆ, ಒಮ್ಮೆಯೂ ಅಳೆದು ನೋಡಿರಲಿಲ್ಲ.

ಈಗ ಕೆಲಸದಿಂದ ನಿವೃತ್ತಳಾಗಿ ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಯಲ್ಲಿದ್ದೇನೆ. ಶನಿವಾರ, ಆದಿತ್ಯವಾರ ಸಂಜೆ ನಮ್ಮ ಜಗಲಿಯಲ್ಲಿ ಹತ್ತು ಹದಿನೈದು ಜನ ಸೇರುತ್ತಾರೆ. ಐದನೇ ಕ್ಲಾಸಿನ ಮಕ್ಕಳು ಬರುತ್ತಾರೆ, ಪ್ಲಸ್ ಟು ಓದುವ ಹುಡುಗಿಯರು ಬರುತ್ತಾರೆ, ಹೊರದೇಶದ ಕೆಲಸಕ್ಕಾಗಿ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾದ ಒಬ್ಬ ನರ್ಸ್ ಬರುತ್ತಾಳೆ. ಇವರೆಲ್ಲರ ಕೈಗೆ ಒಂದೇ ಪದಪಟ್ಟಿ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ಅಡಿಕೆ ಸುಲಿದ ಕೂಡಲೇ ಗೋಣಿಗೆ ತುಂಬಿಸುತ್ತೇವಾ? ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯ ದರ್ಜೆ ನೋಡಿ ಹೆಕ್ಕಿ ಬೇರೆ ಮಾಡಿದ ಮೇಲಲ್ವಾ ಅಂಗಡಿಗೆ ಹೋಗುವುದು? ಪದಗಳಲ್ಲೂ ಗೊತ್ತಿರುವುದು, ಅರ್ಧ ಗೊತ್ತಿರುವುದು, ಗೊತ್ತೇ ಇಲ್ಲದ್ದು ಎಂದು ಹೆಕ್ಕುವ ಕೆಲಸ ಮೊದಲು ಆಗಬೇಕು.

ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವ ಅಪ್ಪ ಅಮ್ಮಂದಿರೂ ಇದನ್ನು ಮಾಡಬಹುದು. ಸ್ವಂತವಾಗಿ ಕಲಿಯುವವರೂ ಮಾಡಬಹುದು. ಬೇಕಾಗುವುದು ಒಂದು ನೋಟ್‌ಬುಕ್, ಒಂದಷ್ಟು ಹಳೆಯ ಮದುವೆ ಕಾಗದ, ಮತ್ತೆ ಒಂದು ಒಳ್ಳೆಯ ಪಟ್ಟಿ.

ಪಟ್ಟಿ ಎಲ್ಲಿಂದ?

ಡಿಕ್ಷನರಿಯ ಎ ಅಕ್ಷರದಿಂದ ಶುರು ಮಾಡಬೇಡಿ. ಇಂಗ್ಲಿಷಿನಲ್ಲಿ ಪದಗಳು ಲಕ್ಷಗಟ್ಟಲೆ ಇದ್ದರೂ ದಿನಾ ಎದುರಾಗುವವು ಕೆಲವೇ. ಅತಿ ಹೆಚ್ಚು ಬಳಕೆಯಾಗುವ 100 ಪದಗಳೇ ಒಂದು ಸಾಮಾನ್ಯ ಬರಹದ ಸುಮಾರು ಅರ್ಧವನ್ನು ತುಂಬಿಬಿಡುತ್ತವೆ. ಹಾಗಾಗಿ ಬಳಕೆಯ ಪ್ರಮಾಣದ ಮೇಲೆ ಸಾಲಾಗಿ ಜೋಡಿಸಿದ ಪಟ್ಟಿ ಬೇಕು.

ಇಂಥ ಪಟ್ಟಿಗಳಲ್ಲಿ ಹೆಸರಾದದ್ದು ಮೈಕೆಲ್ ವೆಸ್ಟ್ 1953ರಲ್ಲಿ ಹೊರತಂದ ಜನರಲ್ ಸರ್ವೀಸ್ ಲಿಸ್ಟ್ ಎಂಬ ಸುಮಾರು 2000 ಪದಗಳ ಪಟ್ಟಿ. ವೆಸ್ಟ್ ಹಿಂದೆ ಢಾಕಾದಲ್ಲಿ ಕೆಲಸ ಮಾಡಿದವರು. ಮನೆಮಾತು ಬಂಗಾಳಿಯಾದ ಮಕ್ಕಳು ಇಂಗ್ಲಿಷ್ ಓದುವಾಗ ಎಲ್ಲಿ ಎಡವುತ್ತಾರೆ ಎಂದು ಹತ್ತಿರದಿಂದ ಕಂಡವರು. ನನಗೆ ಆ ಪಟ್ಟಿಯ ಮೇಲೆ ಪ್ರೀತಿ ಇರುವುದು ಅದಕ್ಕೇ. 2013ರಲ್ಲಿ ನ್ಯೂ ಜನರಲ್ ಸರ್ವೀಸ್ ಲಿಸ್ಟ್ ಎಂಬ ಹೊಸ ಪಟ್ಟಿ ಬಂತು. ಅದರಲ್ಲಿರುವುದು ಸುಮಾರು 2800 ಪದ. ಅಷ್ಟು ಗೊತ್ತಿದ್ದರೆ ಸಾಮಾನ್ಯ ಬರಹದಲ್ಲಿ ನೂರಕ್ಕೆ ಸುಮಾರು 92 ಪದ ಗೊತ್ತಿರುತ್ತವೆ ಎಂದು ಮಾಡಿದವರು ಲೆಕ್ಕ ಕೊಟ್ಟಿದ್ದಾರೆ. ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಮೊದಲ ಅಳತೆ

ಪಟ್ಟಿಯ ಮೊದಲ 1000 ಪದ ತೆಗೆದುಕೊಳ್ಳಿ. 50ನೆಯ ಪದ, 100ನೆಯ ಪದ, 150ನೆಯ ಪದ, ಹೀಗೆ ಪ್ರತಿ 50ಕ್ಕೆ ಒಂದರಂತೆ ಗುರುತು ಮಾಡಿ. 20 ಪದ ಸಿಗುತ್ತವೆ. ಮಗುವನ್ನು ಪಕ್ಕದಲ್ಲಿ ಕೂರಿಸಿ ಒಂದೊಂದಾಗಿ ಅರ್ಥ ಕೇಳಿ. ಒಂದು ಸರಿ ಉತ್ತರಕ್ಕೆ 50 ಪದ ಎಂದು ಲೆಕ್ಕ. 14 ಸರಿಯಾದರೆ ಮೊದಲ ಸಾವಿರದಲ್ಲಿ ಸುಮಾರು 700 ಗೊತ್ತು ಎಂದಾಯಿತು. ಇದು ಅಂದಾಜು ಮಾತ್ರ. 13 ಬಂದವನಿಗಿಂತ 14 ಬಂದವಳು ಮೇಲೆ ಎಂದು ಯಾರೂ ಹೇಳಬಾರದು. ಆದರೆ 8 ಬಂದ ಮಗುವಿಗೂ 17 ಬಂದ ಮಗುವಿಗೂ ಕೊಡಬೇಕಾದ ಪಾಠ ಬೇರೆ ಎಂದು ಹೇಳಲು ಇಷ್ಟು ಸಾಕು. 16 ದಾಟಿದರೆ ನಾನು ಎರಡನೆಯ ಸಾವಿರದಿಂದ ಇನ್ನೊಂದು 20 ಪದ ಕೇಳುತ್ತೇನೆ. ಹೀಗೆ ಮುಗ್ಗರಿಸುವ ಜಾಗ ಸಿಗುವವರೆಗೆ ಹೋಗುವುದು. ಕಲಿಕೆ ಶುರುವಾಗಬೇಕಾದ ಜಾಗ ಅದು.

ದೊಡ್ಡವರಿಗೆ ಬೇರೆ ಕ್ರಮ ಇದೆ. ಒಂದು ಹಾಳೆಯಲ್ಲಿ 60 ಪದ ಬರೆದು ಕೊಡಿ. ಗೊತ್ತಿರುವುದಕ್ಕೆ ಟಿಕ್ ಹಾಕಬೇಕು, ಅಷ್ಟೇ. ಆದರೆ ಅವುಗಳಲ್ಲಿ 40 ಮಾತ್ರ ನಿಜವಾದ ಪದ. ಉಳಿದ 20 ನೀವು ಹುಟ್ಟಿಸಿದ ಸುಳ್ಳು ಪದ. ಗ್ಲೋಪ್, ತ್ರಿಂಡ್, ಮ್ಯಾಸ್ಲರ್ ಅಂಥವು. ಕೇಳಲು ಇಂಗ್ಲಿಷಿನ ಹಾಗೇ ಇರಬೇಕು, ಅರ್ಥ ಇರಬಾರದು. ಬರೆದ ಮೇಲೆ ಡಿಕ್ಷನರಿಯಲ್ಲಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಒಬ್ಬರು 40ರಲ್ಲಿ 30ಕ್ಕೆ ಟಿಕ್ ಹಾಕಿದರೆ ನೂರಕ್ಕೆ 75. ಸುಳ್ಳು ಪದಗಳಲ್ಲಿ 4ಕ್ಕೆ ಹಾಕಿದರೆ ನೂರಕ್ಕೆ 20. ಕಳೆದರೆ 55. ಅಂದರೆ ಆ 40ರಲ್ಲಿ ನಿಜವಾಗಿ ಗೊತ್ತಿರುವುದು 22ರಷ್ಟು ಎಂದು ಹಿಡಿಯಿರಿ.

ಇದರಲ್ಲಿ ಒಂದು ಎಚ್ಚರ ಬೇಕು. ಸುಳ್ಳು ಪದಕ್ಕೆ ಟಿಕ್ ಹಾಕಿದವರು ಸುಳ್ಳು ಹೇಳಿದವರಲ್ಲ. ಟೀಚರ್ ಕೊಟ್ಟ ಪದವನ್ನು ಗೊತ್ತಿಲ್ಲ ಎನ್ನಲು ನಮ್ಮ ಮಕ್ಕಳಿಗೆ ಹೆದರಿಕೆ. ಕೆಲವು ಪದ ನಾನೇ ಮಾಡಿದ್ದು, ಹುಷಾರು ಎಂದು ಮೊದಲೇ ಹೇಳಿಬಿಡಿ. ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.

ಮೂರನೆಯದು ನ್ಯೂಜಿಲೆಂಡಿನ ಪಾಲ್ ನೇಶನ್ 1983ರಲ್ಲಿ ಮಾಡಿದ ಹಂತಗಳ ಪರೀಕ್ಷೆಯಿಂದ ಕಲಿತದ್ದು. ಅದರಲ್ಲಿ 2000, 3000, 5000, 10,000 ಎಂದು ಪದಗಳ ಮಟ್ಟಗಳಿವೆ. ಜೊತೆಗೆ ಕಾಲೇಜು ಓದಿನ ಪದಗಳಿಗೆ ಬೇರೆ ಭಾಗವಿದೆ. ಆರು ಪದ ಒಂದು ಕಡೆ, ಮೂರೇ ಅರ್ಥ ಇನ್ನೊಂದು ಕಡೆ. ಮೂರು ಪದ ಉಳಿಯುವುದರಿಂದ ಊಹಿಸಿ ಹೊಂದಿಸುವುದು ಕಷ್ಟ. ನಾನು ಹೀಗೆ ಬರೆಯುತ್ತೇನೆ: ಒಂದು ಕಡೆ ಬಾರೋ, ಕ್ಯಾಚ್, ಡಿಗ್, ಸೆಂಡ್, ಹೈಡ್, ಕುಕ್. ಇನ್ನೊಂದು ಕಡೆ ಅಗೆ, ಸಾಲ ತೆಗೆದುಕೊ, ಅಡಗಿಸು. ಆರೂ ಪದ ಒಂದೇ ಜಾತಿಯವಾಗಿರಲಿ. ಕೆಲಸ ಹೇಳುವ ಪದಗಳ ನಡುವೆ ವಸ್ತುವಿನ ಹೆಸರು ಸೇರಿಸಿದರೆ ಮಕ್ಕಳು ಅರ್ಥ ಗೊತ್ತಿಲ್ಲದೆಯೂ ಕಂಡುಹಿಡಿದುಬಿಡುತ್ತಾರೆ.

ಮೊಬೈಲ್ ಆ್ಯಪ್‌ಗಳು ಹೇಳುವ ಎ1, ಬಿ2 ಎಂಬ ಮಟ್ಟಗಳ ಬಗ್ಗೆ ಕೇಳುತ್ತಾರೆ. ಎ1ರಿಂದ ಸಿ2ವರೆಗಿನ ಆ ಆರು ಮೆಟ್ಟಿಲುಗಳು ಯುರೋಪಿನಲ್ಲಿ ಮಾಡಿದ್ದು. ಆ ಭಾಷೆಯಲ್ಲಿ ನೀವು ಏನೇನು ಮಾಡಬಲ್ಲಿರಿ ಎಂಬುದನ್ನು ನೋಡುತ್ತವೆ, ಪದಗಳನ್ನು ಎಣಿಸುವುದಿಲ್ಲ. ಆ ಎರಡನ್ನು ಬೆರೆಸಬೇಡಿ.

ಅರ್ಥವನ್ನು ಯಾವ ಭಾಷೆಯಲ್ಲಿ ಕೇಳುವುದು?

ಇದು ನಮ್ಮ ಊರಿನ ಪ್ರಶ್ನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದೂ ಇದೇ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ನಮ್ಮ ಜಗಲಿಯಲ್ಲಿ ಕೂರುವವರ ಮನೆಮಾತು ತುಳು, ಹವ್ಯಕ, ಬ್ಯಾರಿ, ಮರಾಠಿ, ಕೊಂಕಣಿ, ಮಲಯಾಳ. ಬೆಕ್ಕು ಒಂದೇ. ಒಬ್ಬನಿಗೆ ಅದು ಪುಚ್ಚೆ, ಇನ್ನೊಬ್ಬಳಿಗೆ ಪೂಚ್ಚ. ಇವರ ಇಂಗ್ಲಿಷನ್ನು ಪುಸ್ತಕದ ಕನ್ನಡದಿಂದ ಮಾತ್ರ ಅಳೆದರೆ ನಾವು ಅಳೆಯುವುದು ಕನ್ನಡವನ್ನೇ ಹೊರತು ಇಂಗ್ಲಿಷನ್ನಲ್ಲ.

ನಾನು ಈ ತಪ್ಪು ಮಾಡಿದ್ದೇನೆ. ಒಂಬತ್ತನೇ ಕ್ಲಾಸಿನ ಒಬ್ಬಳು ಆಪರ್ಚುನಿಟಿ ಎಂಬ ಪದಕ್ಕೆ ಅವಸರ ಎಂದು ಬರೆದಳು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಅವಳು ಹಾಳೆ ಹಿಡಿದುಕೊಂಡು ಬಂದು "ಮಲಯಾಳದಲ್ಲಿ ಅವಸರ ಅಂದರೆ ಅದೇ ಅಲ್ವಾ ಟೀಚರೇ?" ಎಂದಳು. ಅವಳು ಹೇಳಿದ್ದು ಸರಿ. ಮಲಯಾಳದಲ್ಲಿ ಅವಸರಂ ಎಂದರೆ ಅವಕಾಶ. ಕನ್ನಡದಲ್ಲಿ ಅವಸರ ಎಂದರೆ ಗಡಿಬಿಡಿ. ಇಂಗ್ಲಿಷ್ ಪದ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಕೆಂಪು ಗೆರೆಯನ್ನು ಹೊಡೆದು ಹಾಕಿ ಸರಿ ಗುರುತು ಹಾಕಿದೆ.

ಇಂಥ ಪದ ಇನ್ನೂ ಇವೆ. ಸಂಸಾರ ಎಂದರೆ ನಮಗೆ ಕುಟುಂಬ, ಮಲಯಾಳದಲ್ಲಿ ಸಂಸಾರಂ ಎಂದರೆ ಮಾತುಕತೆ. ಉಪನ್ಯಾಸ ಎಂದರೆ ನಮಗೆ ಭಾಷಣ, ಅಲ್ಲಿ ಉಪನ್ಯಾಸಂ ಎಂದರೆ ಪ್ರಬಂಧ. ಹಾಗಾಗಿ ಎಸ್ಸೇ ಎಂಬ ಪದಕ್ಕೆ ಒಂದು ಮಗು ಉಪನ್ಯಾಸ ಎಂದರೆ ಕೂಡಲೇ ತಪ್ಪು ಎನ್ನಬೇಡಿ. ಒಂದು ವಾಕ್ಯ ಮಾಡಿ ಹೇಳಲು ಹೇಳಿ, ಗೊತ್ತಾಗುತ್ತದೆ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಆಗಬಹುದು ಎಂದು ಮೊದಲೇ ಹೇಳಿ. ಕೈಯಲ್ಲಿ ಮಾಡಿ ತೋರಿಸಿದರೂ ಆಗಬಹುದು. ಹೀಗೆ ಹೇಳಿದ ಮೊದಲ ದಿನವೇ ಯಾವಾಗಲೂ ಸುಮ್ನೆ ಕೂರುತ್ತಿದ್ದ ಒಬ್ಬ ಹುಡುಗ ರೈನ್ ಅಂದರೆ ಬರ್ಸ, ಈವ್ನಿಂಗ್ ಅಂದರೆ ಬಯ್ಯ ಎಂದು ತುಳುವಿನಲ್ಲಿ ಪಟಪಟ ಹೇಳಿದ. 20ರಲ್ಲಿ 15 ಸರಿ. ಅವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅವನೂ ನಂಬಿದ್ದ, ಮನೆಯವರೂ ನಂಬಿದ್ದರು.

ಶುರುವಿನವರಿಗೆ

ಮೊದಲ ಸಾವಿರದಲ್ಲೇ ಮುಗ್ಗರಿಸುವವರಿಗೆ ಎರಡು ಕೆಲಸ. ಒಂದು, ಅವರಿಗೆ ಈಗಾಗಲೇ ಗೊತ್ತಿರುವ ಇಂಗ್ಲಿಷ್ ಪದಗಳನ್ನು ಹೊರಗೆ ತೆಗೆಯುವುದು. ಪೆರ್ಲದಿಂದ ಬದಿಯಡ್ಕಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಮಗುವಿಗೆ ಸ್ಟಾಪ್, ಡೋರ್, ಸೀಟ್, ಫ್ರಂಟ್, ಬ್ಯಾಕ್, ಚೇಂಜ್, ಫುಲ್, ಹಾಫ್ ಎಲ್ಲಾ ಗೊತ್ತು. ಒಂದು ಸಂಜೆ ಕೂತು ಅಡುಗೆಮನೆ, ಬಸ್ಸು, ಆಟದ ಬಯಲು ಎಂದು ಮೂರು ಪುಟ ಬರೆಸಿ. ಪಟ್ಟಿ ಬೆಳೆಯುತ್ತಾ ಹೋದ ಹಾಗೆ ಮಗುವಿನ ಮುಖ ಅರಳುವುದು ಕಾಣುತ್ತದೆ. ಆಮೇಲೆ ಆ ಪದಗಳ ಇನ್ನೊಂದು ಅರ್ಥ ಹೇಳಿಕೊಡಿ. ಬ್ಯಾಂಕಿನ ಬ್ರಾಂಚ್ ಗೊತ್ತು, ಮರದ ಕೊಂಬೆಯೂ ಬ್ರಾಂಚ್. ಕರೆಂಟ್ ಹೋಯಿತು ಎಂದು ಗೊತ್ತು, ಹೊಳೆಯ ಸೆಳೆತವೂ ಕರೆಂಟ್, ಈಗಿನದು ಎಂಬುದಕ್ಕೂ ಕರೆಂಟ್.

ಎರಡನೆಯದು ಅಂಟಿಲ್‌ನಂಥ ಪದಗಳು. ಸಿನ್ಸ್, ಆಲ್ದೋ, ಅನ್‌ಲೆಸ್, ಈವನ್, ಯೆಟ್. ಇವಕ್ಕೆ ಚಿತ್ರ ಇಲ್ಲ, ಗೋಡೆಯ ಚಾರ್ಟಿನಲ್ಲಿ ಇವು ಬರುವುದಿಲ್ಲ. ಅದಕ್ಕೇ ತಪ್ಪಿಹೋಗುತ್ತವೆ. ಆದರೆ ವಾಕ್ಯ ನಿಲ್ಲುವುದು ಇವುಗಳ ಮೇಲೆ. ಇವನ್ನು ಅರ್ಥ ಬರೆಸಿ ಕಲಿಸಲು ಆಗುವುದಿಲ್ಲ, ವಾಕ್ಯದಲ್ಲೇ ಕಲಿಸಬೇಕು. ಅಮ್ಮ ಬರುವವರೆಗೆ ಇಲ್ಲೇ ಇರು, ಮಳೆ ನಿಲ್ಲುವವರೆಗೆ ಹೊರಗೆ ಹೋಗಬೇಡ, ಹೀಗೆ ಮನೆಯ ಮಾತನ್ನೇ ಇಂಗ್ಲಿಷಿನಲ್ಲಿ ಹತ್ತು ಸಲ ಹೇಳಿಸಿ. ಒಂದು ವಾರಕ್ಕೆ ಇಂಥ ಎರಡು ಪದ ಸಾಕು.

ಜೋಡಿ ಪದಗಳನ್ನು ಒಂದೇ ದಿನ ಕಲಿಸಬೇಡಿ. ಬಾರೋ ಮತ್ತು ಲೆಂಡ್ ಒಟ್ಟಿಗೆ ಹೇಳಿಕೊಟ್ಟರೆ ಸಾಲ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಜೀವಮಾನವಿಡೀ ಗೊಂದಲ. ಒಂದು ಗಟ್ಟಿಯಾದ ಎರಡು ವಾರದ ಮೇಲೆ ಇನ್ನೊಂದು.

ನಡುವಿನವರಿಗೆ: ಮಾಡು, ಹಾಕು

1000ದಿಂದ 3000ದ ನಡುವೆ ಇರುವವರಿಗೆ ಪದ ಗೊತ್ತಿರುತ್ತದೆ, ಅದರ ಜೊತೆಗಾರ ಗೊತ್ತಿರುವುದಿಲ್ಲ. ಕನ್ನಡದಲ್ಲಿ ನಾವು ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಫೋನ್ ಮಾಡುತ್ತೇವೆ, ತೀರ್ಮಾನ ಮಾಡುತ್ತೇವೆ, ಹೋಮ್‌ವರ್ಕ್ ಮಾಡುತ್ತೇವೆ. ಎಲ್ಲಕ್ಕೂ ಒಂದೇ ಮಾಡು. ಇಂಗ್ಲಿಷಿನಲ್ಲಿ ಊಟಕ್ಕೆ ಹ್ಯಾವ್, ಸ್ನಾನಕ್ಕೆ ಟೇಕ್, ಫೋನಿಗೆ ಮೇಕ್, ತೀರ್ಮಾನಕ್ಕೂ ಮೇಕ್, ಹೋಮ್‌ವರ್ಕಿಗೆ ಡು. ನಿದ್ದೆ ಮಾಡಲು ಬೇರೆ ಪದವೇ ಬೇಡ, ಸ್ಲೀಪ್ ಒಂದೇ ಸಾಕು.

ಹಾಕು ಇನ್ನೂ ದೊಡ್ಡದು. ಅಂಗಿ ಹಾಕುವುದು ವೇರ್. ಸಾರಿಗೆ ಉಪ್ಪು ಹಾಕುವುದು ಆ್ಯಡ್. ಬೀಗ ಹಾಕುವುದು ಲಾಕ್. ಸಹಿ ಹಾಕುವುದು ಸೈನ್. ಗಿಡಕ್ಕೆ ನೀರು ಹಾಕುವುದು ವಾಟರ್. ಲೈಟ್ ಹಾಕುವುದು ಟರ್ನ್ ಆನ್. ಪ್ಲಸ್ ಟು ಹುಡುಗಿಯರಿಗೆ ಒಂದು ಸಂಜೆ ಹಾಕು ಬರುವ ವಾಕ್ಯಗಳನ್ನು ಬರೆಯಲು ಹೇಳಿದೆ. 31 ವಾಕ್ಯ ಬಂದವು. ಒಬ್ಬಳು ಕೋಳಿಗೆ ಅಕ್ಕಿ ಹಾಕುವುದನ್ನು ಬರೆದಳು, ಒಬ್ಬಳು ವೋಟು ಹಾಕುವುದನ್ನು ಬರೆದಳು. ಒಂದೊಂದಕ್ಕೂ ಇಂಗ್ಲಿಷ್ ಹುಡುಕಲು ಎರಡು ವಾರ ಬೇಕಾಯಿತು. ಅಷ್ಟು ಹೊತ್ತಿಗೆ ಅವರ ಬರವಣಿಗೆಯಲ್ಲಿ ಪುಟ್ ಎಂಬ ಪದ ಎಲ್ಲೆಂದರಲ್ಲಿ ಬರುವುದು ನಿಂತಿತು. ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಕೊಡು, ತೆಗೆ, ಬೀಳು, ಹೊಡೆ ಇವೂ ಒಳ್ಳೆಯವೇ.

ಇದೇ ಹಂತದಲ್ಲಿ ಒಂದು ಪದ ಸಿಕ್ಕಿದರೆ ಅದರ ಮನೆಯವರನ್ನೂ ಪರಿಚಯ ಮಾಡಿಸಿ. ಡಿಸೈಡ್ ಬಂದರೆ ಡಿಸಿಷನ್, ಅನ್‌ಡಿಸೈಡೆಡ್. ಒಂದು ಕಾರ್ಡಿಗೆ ಮೂರು ಸಾಕು.

ಮೇಲಿನವರಿಗೆ

ಕಾಲೇಜು ಪುಸ್ತಕ ಓದುವವರಿಗೆ ಎವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿ ಇದೆ. 570 ಪದಕುಟುಂಬಗಳು, ಅಂದರೆ ಡಿಸೈಡ್, ಡಿಸಿಷನ್‌ನಂಥ ಒಂದೇ ಮನೆಯ ಪದಗಳನ್ನು ಸೇರಿಸಿ ಒಂದು ಎಂದು ಎಣಿಸಿದ್ದು. ವೆಸ್ಟ್ ಪಟ್ಟಿಯಲ್ಲಿ ಇಲ್ಲದ, ಆದರೆ ಬೇರೆ ಬೇರೆ ವಿಷಯಗಳ ಕಾಲೇಜು ಬರಹಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು. ಅನಲೈಸ್, ಸಿಗ್ನಿಫಿಕೆಂಟ್, ಡೇಟಾ, ಕಂಡಕ್ಟ್ ಅಂಥವು. ಕಂಡಕ್ಟ್ ಒಂದನ್ನೇ ನೋಡಿ. ಬಸ್ಸಿನ ಕಂಡಕ್ಟರ್ ಎಲ್ಲರಿಗೂ ಗೊತ್ತು. ತಾಮ್ರ ಕರೆಂಟನ್ನು ಕಂಡಕ್ಟ್ ಮಾಡುತ್ತದೆ, ಸರ್ವೆಯನ್ನು ಕಂಡಕ್ಟ್ ಮಾಡುತ್ತಾರೆ, ಟಿಸಿಯಲ್ಲಿ ನಡತೆ ಎಂಬುದಕ್ಕೂ ಕಂಡಕ್ಟ್.

ನಮ್ಮ ನರ್ಸಿಗೆ ಡಿಸ್ಚಾರ್ಜ್ ಗೊತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವುದೂ ಗೊತ್ತು, ಗಾಯದಿಂದ ಒಸರುವುದೂ ಗೊತ್ತು. ಓದುವ ಪುಟದಲ್ಲಿ ನದಿಯ ಡಿಸ್ಚಾರ್ಜ್ ಎಂದು ಬಂದಾಗ ನಿಂತಳು. ಅಲ್ಲಿ ಹರಿದುಹೋಗುವ ನೀರಿನ ಪ್ರಮಾಣ. ಹೊರಗೆ ಬಿಡುವುದು ಎಂಬ ಒಂದು ಎಳೆ ಮೂರರಲ್ಲೂ ಇದೆ ಎಂದು ಅವಳೇ ಹೇಳಿದಳು. ಈ ಹಂತದಲ್ಲಿ ಹೊಸ ಪದ ಹುಡುಕುವುದಕ್ಕಿಂತ ಗೊತ್ತಿರುವ ಪದದ ಒಳಗೆ ಇಳಿಯುವುದು ಜಾಸ್ತಿ ಲಾಭ.

ಅವರಿಗೆ ಓದು ಬೇಕು. ಯಾವ ಪುಸ್ತಕ? 100 ಪದ ಎಣಿಸಿ. ಗೊತ್ತಿಲ್ಲದ್ದು ಎರಡೇ ಇದ್ದರೆ ಒಬ್ಬರೇ ಓದಬಹುದು. ಐದು ಇದ್ದರೆ ಪಕ್ಕದಲ್ಲಿ ಯಾರಾದರೂ ಬೇಕು. ಹತ್ತು ಇದ್ದರೆ ಆ ಪುಸ್ತಕವನ್ನು ಆರು ತಿಂಗಳ ಮೇಲೆ ತೆರೆಯಿರಿ. ನೂರಕ್ಕೆ 98 ಪದ ಗೊತ್ತಿದ್ದರೆ ಹೆಚ್ಚಿನವರು ಸಹಾಯವಿಲ್ಲದೆ ಅರ್ಥ ಮಾಡಿಕೊಳ್ಳಬಲ್ಲರು ಎಂದು 2000ದಲ್ಲಿ ಬಂದ ಅಧ್ಯಯನವೊಂದು ಹೇಳುತ್ತದೆ. ಪತ್ರಿಕೆ, ಕಾದಂಬರಿಗಳಲ್ಲಿ ಆ ಮಟ್ಟ ಮುಟ್ಟಲು 8000ದಿಂದ 9000 ಪದಕುಟುಂಬ ಬೇಕು ಎಂದು ನೇಶನ್ 2006ರಲ್ಲಿ ಲೆಕ್ಕ ಹಾಕಿದರು. ಹತ್ತನೇ ಕ್ಲಾಸಿನ ಮಗುವಿಗೆ ಇಂಗ್ಲಿಷ್ ಪತ್ರಿಕೆ ಓದಿಸಿ ಕಣ್ಣೀರು ಹಾಕಿಸುವ ಅಪ್ಪಂದಿರಿಗೆ ನಾನು ಈ ಸಂಖ್ಯೆಯನ್ನು ಹೇಳುತ್ತೇನೆ.

ಮರೆಯದಂತೆ ಇಡುವುದು

ದಿನಕ್ಕೆ 10 ಪದ ಬಾಯಿಪಾಠ ಮಾಡಿಸಿದ ವರ್ಷಗಳು ನನಗೂ ಇವೆ. ಶುಕ್ರವಾರ 50 ಪದ ಒಪ್ಪಿಸುತ್ತಿದ್ದರು, ಮುಂದಿನ ಶುಕ್ರವಾರ 10 ಉಳಿಯುತ್ತಿರಲಿಲ್ಲ. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಜಾರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದಿದ್ದರು. ಜಾರುವ ಮೊದಲು ಹಿಡಿಯುವ ಉಪಾಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟ ಕಾರ್ಡ್ ಪೆಟ್ಟಿಗೆ.

ಮದುವೆ ಕಾಗದಗಳನ್ನು ಅಂಗೈಯಗಲಕ್ಕೆ ಕತ್ತರಿಸಿ. ಖಾಲಿ ಬದಿಯಲ್ಲಿ ಇಂಗ್ಲಿಷ್ ಪದ ಬರೆಯಿರಿ. ಇನ್ನೊಂದು ಬದಿಗೆ ಬಿಳಿ ಕಾಗದ ಅಂಟಿಸಿ ಅರ್ಥವನ್ನೂ ಮಗು ಸ್ವಂತ ಮಾಡಿದ ಒಂದು ವಾಕ್ಯವನ್ನೂ ಬರೆಸಿ. ಸಿಹಿತಿಂಡಿ ಬಂದ ಐದು ಡಬ್ಬಿ ಸಾಲಾಗಿಡಿ. ಹೊಸ ಕಾರ್ಡು ಮೊದಲ ಡಬ್ಬಿಗೆ. ಅದನ್ನು ದಿನಾ ನೋಡಬೇಕು. ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ, ಐದನೆಯದು ತಿಂಗಳಿಗೊಮ್ಮೆ. ಸರಿ ಹೇಳಿದರೆ ಕಾರ್ಡು ಮುಂದಿನ ಡಬ್ಬಿಗೆ, ತಪ್ಪಿದರೆ ಮೊದಲನೆಯದಕ್ಕೆ ವಾಪಸ್. ದಿನಗಳ ಲೆಕ್ಕ ನನ್ನದು, ನಿಮ್ಮ ಅನುಕೂಲಕ್ಕೆ ಬದಲಿಸಿ. ದಿನಕ್ಕೆ ಐದು ಹೊಸ ಕಾರ್ಡಿಗಿಂತ ಜಾಸ್ತಿ ಬೇಡ. ನೋಡುವಾಗ ಮೊದಲು ಬಾಯಲ್ಲಿ ಉತ್ತರ ಬರಬೇಕು, ಆಮೇಲೆ ತಿರುಗಿಸುವುದು. ಎರಡು ವಾರ ಕಳೆದ ಮೇಲೆ ಕ್ರಮ ಬದಲಿಸಿ, ಅರ್ಥ ತೋರಿಸಿ ಇಂಗ್ಲಿಷ್ ಪದ ಕೇಳಿ. ಓದುವಾಗ ಗೊತ್ತಾಗುವ ಪದ ಮಾತಾಡುವಾಗ ಬಾಯಿಗೆ ಬರುವುದಿಲ್ಲವಲ್ವಾ, ಆ ದೂರ ಕಡಿಮೆಯಾಗುವುದು ಈ ತಿರುವು ಅಭ್ಯಾಸದಿಂದ.

ಮತ್ತೊಮ್ಮೆ ಅಳೆಯುವುದು

ಕಲಿಸಿದ ಮರುದಿನ ಕೇಳಿದರೆ ಎಲ್ಲರೂ ಹೇಳುತ್ತಾರೆ. ಅದು ಲೆಕ್ಕಕ್ಕಿಲ್ಲ. ನಾನು ಆರು ವಾರ ಬಿಟ್ಟು, ಮೊದಲೇ ಹೇಳದೆ ಕೇಳುತ್ತೇನೆ. ಅಂಕಗಳನ್ನು ಜೋರಾಗಿ ಓದುವುದಿಲ್ಲ. ಪ್ರತಿಯೊಬ್ಬರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಕು, ಸಾವಿರದಲ್ಲಿ ಎಷ್ಟು ಎಂಬ ಅಂದಾಜು, ಇವೆರಡನ್ನೇ ಬರೆಯುತ್ತೇನೆ. ಪಕ್ಕದವರ ಪುಟ ಯಾರಿಗೂ ಬೇಕಾಗಿಲ್ಲ.

ದೊಡ್ಡ ಅಳತೆ ವರ್ಷಕ್ಕೊಮ್ಮೆ, ಎಪ್ರಿಲ್ ಮೇ ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆದ ವಾರ. ಎರಡು ತಿಂಗಳು ಪುಸ್ತಕ ಮುಟ್ಟದ ಮೇಲೂ ಉಳಿದ ಪದ ಸ್ವಂತದ್ದು. ಆಗ ಹಳೆಯ 20 ಪದಗಳನ್ನೇ ಕೇಳಬೇಡಿ, ಅವು ನೆನಪಿನಲ್ಲಿರುತ್ತವೆ. ಅದೇ ಪಟ್ಟಿಯಲ್ಲಿ ಈ ಸಲ 25ನೆಯ ಪದದಿಂದ ಶುರು ಮಾಡಿ. ಆಮೇಲೆ 75, 125, 175, ಹೀಗೆ 975ರವರೆಗೆ.